ಮಳೆಗಾಲಕ್ಕೆ ಮೊದಲೇ ಕಲಿಯಬೇಕಾದ ಶರಣಾಗತಿ

(ಮಡಿಕೇರಿಯಲ್ಲಿ ಮಳೆಗಾಲಕ್ಕೆ ಮುನ್ನ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಎದುರಿಗೆ ಕುಳಿತಿರುವ ಮಕ್ಕಳಿಗೆ ನಮಸ್ಕಾರ.

ಈ ಮಾತನ್ನು ಮೇ ತಿಂಗಳಲ್ಲೇ ಆಡಬೇಕು ಅನ್ನುವುದಕ್ಕೆ ಕಾರಣ ಇದೆ. ಜುಲೈ ನಡುವಿಗೆ ಕಕ್ಕಡ, ಅಂದರೆ ಜೋರು ಮಳೆಯ ಕೊಡವ ತಿಂಗಳು, ಹಿಡಿದ ಮೇಲೆ ನಮ್ಮ ಕಿವಿಯೆಲ್ಲ ಹೆಂಚಿನ ಮೇಲಿನ ಸದ್ದಿನಲ್ಲೇ ಇರುತ್ತದೆ. ಕರೆಂಟು ಹೋಗಿ ಮೂರು ದಿನವಾಗಿರುತ್ತದೆ, ಮೊಬೈಲ್ ಸತ್ತಿರುತ್ತದೆ. ಅಂಥ ರಾತ್ರಿಯಲ್ಲಿ ಯಾರೂ ಹೊಸದಾಗಿ ಏನನ್ನೂ ಕಲಿಯಲಾರರು. ಕಲಿತಿದ್ದರೆ ಅದು ಕೈಗೆ ಬರುತ್ತದೆ, ಅಷ್ಟೆ.

ನಮ್ಮ ಕೊಡಗು ಜಿಲ್ಲೆಯ ಭಯ ಕಲ್ಪನೆಯದಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಜರಿದವು. ಮರುವರ್ಷ ಅದೇ ತಿಂಗಳು ತೋರ ಗ್ರಾಮದಲ್ಲಿ ಗುಡ್ಡ ಮನೆಗಳ ಮೇಲೆ ಬಂತು; ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಅಡುಗೆಮನೆಯೊಳಗೆ ಹರಿದಳು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು. 2022ರ ಜೂನ್, ಜುಲೈನಲ್ಲಿ ಚೆಂಬು, ಪೆರಾಜೆ, ಕರಿಕೆ ಕಡೆ ನೆಲವೇ ನಡುಗಿತು. ಇದರ ಜೊತೆಗೆ ಬೆಳಗ್ಗೆ ತೋಟಕ್ಕೆ ಹೋಗುವವರಿಗೆ ಕಾಡಾನೆ, ಕಾಫಿ ಅರಳಿಸುವ ಹೂ ಮಳೆ ತಪ್ಪಿದ ವರ್ಷ ಬ್ಯಾಂಕಿನ ಸಾಲ, ಕರಿಮೆಣಸಿನ ಬಳ್ಳಿಗೆ ಸೊರಗು ರೋಗ.

ಇಂಥ ಊರಿನಲ್ಲಿ ನಿಂತು ‘ದೇವರಿದ್ದಾನೆ, ಹೆದರಬೇಡಿ’ ಅಂದುಬಿಡುವುದು ಹೇಳಿದವರಿಗೆ ಸುಲಭ. ಕೇಳಿದವರಿಗೆ ಮನೆಗೆ ಹೋಗಿ ಏನು ಮಾಡಬೇಕು ಅನ್ನುವುದೇ ತಿಳಿಯುವುದಿಲ್ಲ. ದೇವರ ಕೃಪೆಯನ್ನು ನಂಬುವುದು ಒಂದು ಅಭ್ಯಾಸ. ಅದಕ್ಕೆ ಅಂಗಗಳಿವೆ, ಕ್ರಮ ಇದೆ, ಎಲ್ಲಿ ಕೆಡುತ್ತದೆ ಅನ್ನುವ ಲೆಕ್ಕವೂ ಇದೆ. ಅದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಆರು ಅಂಗಗಳು

ಶರಣಾಗತಿಗೆ ಆರು ಅಂಗಗಳು ಅಂತ ವೈಷ್ಣವ ಶಾಸ್ತ್ರಗಳಾದ ಪಾಂಚರಾತ್ರ ಆಗಮಗಳು ಹೇಳುತ್ತವೆ. ದೇವರಿಗೆ ಒಪ್ಪುವುದನ್ನು ಮಾಡುತ್ತೇನೆ ಎಂಬ ಸಂಕಲ್ಪ. ಒಪ್ಪದ್ದನ್ನು ಬಿಡುವುದು. ಕಾಪಾಡುತ್ತಾನೆ ಎಂಬ ವಿಶ್ವಾಸ. ನೀನೇ ಕಾಯಬೇಕು ಎಂದು ಬಾಯಿಬಿಟ್ಟು ಕೇಳುವುದು. ತನ್ನನ್ನು ಅವನ ಕೈಗೆ ಒಪ್ಪಿಸುವುದು. ಕೊನೆಯದು ಕಾರ್ಪಣ್ಯ, ಅಂದರೆ ನನ್ನಿಂದ ಆಗುತ್ತಿಲ್ಲ ಎಂದು ಒಪ್ಪಿಕೊಳ್ಳುವುದು.

ಇಲ್ಲಿ ಮಳೆ-ಬೆಳೆಯ ದೇವರಾದ ಇಗ್ಗುತಪ್ಪನ ಭಕ್ತರಿದ್ದೀರಿ, ಕಾವೇರಮ್ಮನನ್ನು ಮನೆದೇವರೆಂದು ಪೂಜಿಸುವವರಿದ್ದೀರಿ, ಕುಲದ ಹಿರಿಯರಾದ ಗುರುಕಾರಣರಿಗೆ ದೀಪ ಇಡುವವರಿದ್ದೀರಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಹೋಗುವವರು, ಎಮ್ಮೆಮಾಡು ದರ್ಗಾಕ್ಕೆ ನಡೆದುಕೊಳ್ಳುವವರೂ ಇದ್ದೀರಿ. ಹೆಸರುಗಳು ಬೇರೆ ಇರಲಿ. ಈ ಆರು ಕೆಲಸಗಳನ್ನು ಯಾರು ಬೇಕಾದರೂ ತಮ್ಮ ದೇವರ ಮುಂದೆ ಮಾಡಬಹುದು.

ನಮ್ಮಲ್ಲಿ ಆಗುವ ದೊಡ್ಡ ತಪ್ಪು ಏನೆಂದರೆ, ಮೂರನೆಯ ಅಂಗವೊಂದನ್ನೇ ಹಿಡಿದುಕೊಂಡು ಅದಕ್ಕೆ ನಂಬಿಕೆ ಅಂತ ಹೆಸರಿಟ್ಟು ಉಳಿದ ಐದನ್ನು ಬಿಟ್ಟುಬಿಡುತ್ತೇವೆ. ಐದರ ಆಸರೆ ಇಲ್ಲದೆ ಅದೊಂದೇ ನಿಲ್ಲುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗ ‘ನಂಬುತ್ತೇನೆ, ನಂಬುತ್ತೇನೆ’ ಅಂತ ಒತ್ತಿ ಹೇಳಿ ನೋಡಿ. ಒಳಗಿನಿಂದ ‘ಇಲ್ಲ’ ಅನ್ನುವ ಉತ್ತರ ಅಷ್ಟೇ ಜೋರಾಗಿ ಬರುತ್ತದೆ. ಆಮೇಲೆ ಭಯದ ಮೇಲೆ ಇನ್ನೊಂದು ನೋವು ಸೇರುತ್ತದೆ: ನನ್ನ ಭಕ್ತಿ ಸಾಲದು ಎಂಬುದು.

ಆದ್ದರಿಂದ ನನ್ನ ಖಚಿತ ಅಭಿಪ್ರಾಯ ಇದು. ಭಯದ ಹೊತ್ತಿನಲ್ಲಿ ಆರನೆಯದರಿಂದ ಶುರು ಮಾಡಿ. ಮೊದಲ ಎರಡನ್ನು ಬಿಸಿಲಿರುವಾಗ ಮುಗಿಸಿ. ಮೂರನೆಯದು ತಾನಾಗಿ ಬರುತ್ತದೆ, ಎಳೆದು ತರುವ ಅಗತ್ಯ ಇಲ್ಲ.

ಹೆದರಿಕೆಯನ್ನು ಹೇಳಿಕೊಳ್ಳುವ ಬಗೆ

‘ಅಪ್ಪಾ, ಹೆದರಿಕೆ ಆಗುತ್ತಿದೆ. ಏನು ಮಾಡಬೇಕೋ ತಿಳಿಯುತ್ತಿಲ್ಲ.’ ಪ್ರಾರ್ಥನೆ ಇಷ್ಟಕ್ಕೇ ಶುರುವಾಗಲಿ. ಮನಸ್ಸಿನೊಳಗೆ ಅಲ್ಲ, ತುಟಿ ಬಿಚ್ಚಿ, ತನ್ನ ಕಿವಿಗೆ ಕೇಳುವಷ್ಟು ಜೋರಾಗಿ. ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿ. ಕೊಡವ ತಕ್ಕ್ ಆಗಲಿ, ಅರೆಭಾಷೆ, ತುಳು, ಮಲಯಾಳ, ಎರವರ ಮಾತು, ಯಾವುದೇ ಆಗಲಿ. ಗೊತ್ತಿಲ್ಲದ ಸಂಸ್ಕೃತದಲ್ಲಿ ಹೇಳಲು ಹೋಗಿ ತಡವರಿಸಿದರೆ ಗಮನ ಉಚ್ಚಾರದ ಕಡೆಗೆ ಹೋಗುತ್ತದೆ.

ಮುಂದಿನ ಹೆಜ್ಜೆ, ಭಯವನ್ನು ಬಿಡಿಬಿಡಿಯಾಗಿ ಹೆಸರಿಸುವುದು. ‘ಎಲ್ಲ ಮುಗಿದುಹೋಗುತ್ತದೆ’ ಅನ್ನುವುದು ಹೆಸರಲ್ಲ. ‘ಅಡುಗೆಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಜಾರಿದರೆ ಅಮ್ಮನನ್ನು ಎತ್ತಿಕೊಂಡು ರಸ್ತೆವರೆಗೆ ಹೋಗಲು ನನ್ನೊಬ್ಬನಿಂದ ಆಗುತ್ತದಾ?’ ಇದು ಹೆಸರು. ‘ಮಾರ್ಚ್ ಕಂತು ಕಟ್ಟಿಲ್ಲ, ಇನ್ನೊಂದು ನೋಟಿಸು ಬಂದರೆ?’ ಇದೂ ಹೆಸರು. ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ಈ ಹೆಸರುಗಳನ್ನು ಬರೆಯಿರಿ. ಐದಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದರ ಎದುರಿಗೆ, ಬಲಗಡೆ, ಇವತ್ತು ನನ್ನ ಕೈಯಲ್ಲಿ ಆಗುವ ಒಂದೇ ಒಂದು ಕೆಲಸ ಬರೆಯಿರಿ: ಪಕ್ಕದ ಮನೆಯ ಹುಡುಗನಿಗೆ ಹೇಳಿಟ್ಟಿರಬೇಕು, ಸೋಮವಾರ ಬ್ಯಾಂಕಿಗೆ ಹೋಗಿ ಮ್ಯಾನೇಜರರ ಹತ್ತಿರ ಮಾತನಾಡಬೇಕು. ಕೆಲಸ ತೋಚದ ಸಾಲನ್ನು ಖಾಲಿ ಬಿಡಿ. ಆ ಖಾಲಿ ಸಾಲು ದೇವರಿಗೆ. ಹಾಳೆಯನ್ನು ದೇವರ ಕೋಣೆಯಲ್ಲಿ ಇಡಿ.

ಇದು ಕೆಡುವುದು ಎರಡು ಕಡೆ. ಬಲಗಡೆ ತುಂಬಬಹುದಾದದ್ದನ್ನೂ ಖಾಲಿ ಬಿಟ್ಟು ‘ಅವನೇ ನೋಡಿಕೊಳ್ಳುತ್ತಾನೆ’ ಅನ್ನುವವರು ಕೆಲವರು. ಅದು ಸೋಮಾರಿತನಕ್ಕೆ ದೇವರ ಹೆಸರು. ಇನ್ನು ಕೆಲವರು ಒಂದು ಸಾಲನ್ನೂ ಖಾಲಿ ಬಿಡಲಾರರು. ಮಳೆ ನಿಲ್ಲಿಸುವುದು ಕೂಡ ತಮ್ಮದೇ ಜವಾಬ್ದಾರಿ ಅನ್ನುವ ಹಾಗೆ ರಾತ್ರಿಯಿಡೀ ಎದ್ದಿರುತ್ತಾರೆ. ಮನೆಯ ಹಿರಿಮಗಳು, ಒಬ್ಬಳೇ ತೋಟ ನೋಡಿಕೊಳ್ಳುವ ಹೆಂಗಸು, ಇಂಥವರಲ್ಲಿ ಈ ಎರಡನೆಯದೇ ಹೆಚ್ಚು. ಅವರಿಗೆ ಖಾಲಿ ಸಾಲು ಬಿಡುವುದೇ ಸಾಧನೆ.

ಗಜೇಂದ್ರ ಯಾವ ಪ್ರಾರ್ಥನೆ ಹೇಳಿದ?

ಭಾಗವತದ ಎಂಟನೆಯ ಸ್ಕಂಧದಲ್ಲಿ ಬರುವ ಗಜೇಂದ್ರನ ಕಥೆ ಎಲ್ಲರಿಗೂ ಗೊತ್ತು. ಆನೆಯ ಕಾಲನ್ನು ಮೊಸಳೆ ಹಿಡಿಯಿತು, ಆನೆ ಕೂಗಿತು, ಹರಿ ಬಂದ. ಈ ಮೂರು ವಾಕ್ಯಗಳ ನಡುವೆ ಇರುವ ವಿವರ ನಮಗೆ ಬೇಕಾದದ್ದು.

ಆನೆ ಮೊದಲು ಸೆಣಸಿತು. ಸಾವಿರ ವರ್ಷ ಎಳೆದಾಡಿತು ಅನ್ನುತ್ತದೆ ಕಥೆ. ಹಿಂಡಿನ ಬೇರೆ ಆನೆಗಳು ಹಿಂದಿನಿಂದ ಹಿಡಿದು ಎಳೆದವು, ಆಗಲಿಲ್ಲ. ಅಂದರೆ ಸ್ವಂತ ಪ್ರಯತ್ನ, ನೆಂಟರ ಪ್ರಯತ್ನ ಎರಡನ್ನೂ ಕಥೆ ತಪ್ಪೆನ್ನುವುದಿಲ್ಲ. ಬಲ ಇಳಿಯುತ್ತ ಬಂದಾಗ ಅವನು ಜಪಿಸಿದ ಸ್ತೋತ್ರ ಆ ಕ್ಷಣದಲ್ಲಿ ಹೊಳೆದದ್ದಲ್ಲ; ಹಿಂದಿನ ಜನ್ಮದಲ್ಲಿ ಕಲಿತಿದ್ದದ್ದು ಅಂತ ಮೂರನೆಯ ಅಧ್ಯಾಯದ ಮೊದಲ ಶ್ಲೋಕದಲ್ಲೇ ಹೇಳಿದೆ. ಆ ಜನ್ಮದಲ್ಲಿ ಅವನು ಇಂದ್ರದ್ಯುಮ್ನನೆಂಬ ಪಾಂಡ್ಯ ರಾಜ. ದೇಹ ಬದಲಾಗಿ, ಆನೆಯಾಗಿ, ಎಲ್ಲ ಮರೆತಿದ್ದರೂ ಬಾಯಿಪಾಠ ಉಳಿದಿತ್ತು.

ನಾನು ಮೇ ತಿಂಗಳ ಮೇಲೆ ಇಷ್ಟು ಒತ್ತು ಕೊಡುವುದು ಇದಕ್ಕೇ. ನಿಮ್ಮ ಸಂಪ್ರದಾಯದ ಯಾವುದಾದರೂ ಒಂದು ಪ್ರಾರ್ಥನೆ, ನಾಲ್ಕು ಸಾಲಿಗೆ ಮೀರದ್ದು, ಆರಿಸಿಕೊಳ್ಳಿ. ಬೆಳಗ್ಗೆ ಕಾಫಿಗೆ ಮೊದಲು, ಸಂಜೆ ದೀಪ ಹಚ್ಚಿದಾಗ, ಮಲಗುವ ಮುಂಚೆ, ದಿನಕ್ಕೆ ಮೂರು ಹೊತ್ತು ಜೋರಾಗಿ ಹೇಳಿ. ಮೊದಲ ವಾರ ಎರಡೇ ಸಾಲು, ಎರಡನೆಯ ವಾರ ನಾಲ್ಕು. ಮೂರನೆಯ ವಾರ ದೀಪ ಆರಿಸಿ, ಕತ್ತಲಲ್ಲಿ ಕುಳಿತು, ಮಕ್ಕಳ ಜೊತೆ ಹೇಳಿ. ಕತ್ತಲಲ್ಲಿ ತಡೆಯಿಲ್ಲದೆ ಬಂದರೆ ಅದು ನಿಮ್ಮದಾಯಿತು. ಮೊಬೈಲಿನಲ್ಲಿ ಇದೆಯಲ್ಲ ಅಂತ ಬಿಡಬೇಡಿ. ಬೇಕಾದ ರಾತ್ರಿ ಅದರಲ್ಲಿ ಚಾರ್ಜ್ ಇರುವುದಿಲ್ಲ.

ಇನ್ನೊಂದು ವಿವರ. ಹರಿ ಬಂದವನು ಆನೆಯನ್ನೂ ಮೊಸಳೆಯನ್ನೂ ಒಟ್ಟಿಗೆ ದಡಕ್ಕೆ ಎಳೆದ, ಆಮೇಲೆ ಮೊಸಳೆಯ ಬಾಯಿ ಸೀಳಿದ. ಆ ಮೊಸಳೆ ಶಾಪಗ್ರಸ್ತನಾದ ಹೂಹೂ ಎಂಬ ಗಂಧರ್ವ; ಅವನಿಗೂ ಬಿಡುಗಡೆ ಸಿಕ್ಕಿತು. ನಮ್ಮ ಪ್ರಾರ್ಥನೆ ‘ನನ್ನ ಮನೆ ಒಂದು ಉಳಿಯಲಿ’ ಎಂಬಲ್ಲಿಗೆ ನಿಂತರೆ ಅದು ಆ ಕೃಪೆಯ ಅಳತೆಗಿಂತ ಚಿಕ್ಕದು. ನಮ್ಮ ಬರೆಯ ಕೆಳಗಿನ ಲೈನ್ ಮನೆಯ ತೋಟ ಕಾರ್ಮಿಕರನ್ನೂ ಸೇರಿಸಿ ಕೇಳಿ.

ಬರೆ, ಕೊಲ್ಲಿ, ದೇವರಕಾಡು

ಮೊದಲ ಎರಡು ಅಂಗಗಳಿಗೆ ಬರುತ್ತೇನೆ: ಒಪ್ಪುವುದನ್ನು ಮಾಡುವುದು, ಒಪ್ಪದ್ದನ್ನು ಬಿಡುವುದು. ಕೊಡಗಿನಲ್ಲಿ ಇದರ ಅರ್ಥ ತೀರಾ ನೇರ.

2018ರ ನಂತರ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇಳಿಜಾರುಗಳನ್ನು ಮನುಷ್ಯರು ಕಡಿದು ಬದಲಾಯಿಸಿದ್ದನ್ನು ಕುಸಿತಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಗಿ ಎತ್ತಿ ತೋರಿಸಿದರು. ಆಗುವುದು ಹೀಗೆ. ಜೂನ್, ಜುಲೈ ಸುರಿದ ಮಳೆಯನ್ನು ಮಣ್ಣು ಕುಡಿದು ತುಂಬಿರುತ್ತದೆ. ಆಗಸ್ಟಿನಲ್ಲಿ ಬಿದ್ದ ನೀರಿಗೆ ಇಳಿಯಲು ಜಾಗ ಇಲ್ಲ. ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರಿ, ಒಂದಕ್ಕೊಂದು ಹಿಡಿದಿದ್ದ ಹಿಡಿತ ಸಡಿಲವಾಗುತ್ತದೆ. ಕೆಳಗೆ ಜೆಸಿಬಿಯಲ್ಲಿ ಬರೆಯನ್ನು ನೇರ ಗೋಡೆಯಂತೆ ಕಡಿದಿದ್ದರೆ ಮೇಲಿನ ಮಣ್ಣಿಗೆ ಕಾಲೇ ಇಲ್ಲ. ಕೊಲ್ಲಿಗೆ, ಅಂದರೆ ಗುಡ್ಡದ ನೀರು ಹರಿಯುವ ತಗ್ಗಿಗೆ, ಮಣ್ಣು ತುಂಬಿ ಸಮತಟ್ಟು ಮಾಡಿ ಮನೆ ಕಟ್ಟಿದ್ದರೆ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬರುತ್ತದೆ.

ನಮ್ಮ ಹಿರಿಯರು ಊರಿಗೊಂದು ದೇವರಕಾಡು ಬಿಟ್ಟರು. ಜಿಲ್ಲೆಯಲ್ಲಿ 1,214 ದೇವರಕಾಡುಗಳ ಲೆಕ್ಕ ಇದೆ. ಅಲ್ಲಿ ಕೊಡಲಿ ಹಾಕಬಾರದು ಅನ್ನುವುದು ದೇವರಿಗೆ ಕೊಟ್ಟ ಮಾತು. ಆ ಕಾಡಿನ ಅಂಚನ್ನು ವರ್ಷಕ್ಕೆ ಒಂದು ಗಜ ತೋಟಕ್ಕೆ ಸೇರಿಸಿಕೊಂಡು, ಆಗಸ್ಟಿನಲ್ಲಿ ಅದೇ ದೇವರ ಮುಂದೆ ಕಾಪಾಡು ಅನ್ನುವುದು ಸರಿಯಲ್ಲ. ಇದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ, ಏಕೆಂದರೆ ಬೇರೆ ಯಾವ ಅಂಗದಲ್ಲೂ ನಾವು ಇಷ್ಟು ತಪ್ಪಿಲ್ಲ.

ಹಾಗಾದರೆ ಮಳೆಗೆ ಮೊದಲು ಮಾಡಬೇಕಾದದ್ದು: ಬರೆಯ ತಲೆಯ ಮೇಲ್ಗಡೆ ನೀರು ನಿಲ್ಲದಂತೆ ಚರಂಡಿ ತೆಗೆದು ಪಕ್ಕಕ್ಕೆ ಹರಿಯಬಿಡಿ. ತೋಡಿನ ಬಾಯಿಗೆ ಬಿದ್ದ ಕಸ, ಕಪಾತು ಮಾಡಿದ ಕಾಫಿ ಗಿಡದ ರೆಂಬೆ ತೆಗೆಸಿ. ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳು ಮುಚ್ಚಿದ್ದರೆ ಕೋಲು ಹಾಕಿ ಬಿಡಿಸಿ. ಇಳಿಜಾರಿನ ತುದಿಯಲ್ಲಿ ಇಂಗುಗುಂಡಿ ತೋಡಬೇಡಿ; ಬಯಲು ಸೀಮೆಗೆ ಅದು ವರ, ನಮ್ಮ ಗುಡ್ಡದ ನೆತ್ತಿಗೆ ಅಲ್ಲ. ದೇವರ ಕೋಣೆಯನ್ನು ಒರೆಸುವಷ್ಟೇ ಶ್ರದ್ಧೆಯಿಂದ ಇದನ್ನು ಮಾಡಿ. ಇದೇ ಆನುಕೂಲ್ಯ ಸಂಕಲ್ಪ, ಮೊದಲ ಅಂಗ.

ಗುರುತುಗಳನ್ನೂ ಮನೆಯವರೆಲ್ಲ ತಿಳಿದಿರಬೇಕು. ಬರೆಯ ಮೇಲಿನ ನೆಲದಲ್ಲಿ ಅರ್ಧಚಂದ್ರದ ಆಕಾರದ ಬಿರುಕು. ಹಿಂದೆ ಇಲ್ಲದ ಕಡೆ ಜಲ ಏಳುವುದು. ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಗಾಗುವುದು. ಮಳೆ ಸುರಿಯುತ್ತಿದ್ದರೂ ತೋಡಿನ ನೀರು ಒಮ್ಮೆಲೇ ಇಳಿಯುವುದು. ಮೇಲೆ ಎಲ್ಲೋ ಮಣ್ಣು ಅಡ್ಡ ಬಿದ್ದಿದೆ ಅಂತ ಅರ್ಥ. ಸಿಲ್ವರ್ ಓಕ್ ಮರ, ವಿದ್ಯುತ್ ಕಂಬ ವಾಲುವುದು. ನಿನ್ನೆ ಸಲೀಸಾಗಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ಇದರಲ್ಲಿ ಒಂದು ಕಂಡರೂ ಬೆಳಕಿರುವಾಗಲೇ ಮನೆ ಬಿಡಿ. 1077ಕ್ಕೆ ಕರೆ ಮಾಡಿ ತಿಳಿಸಿ. ಓಡಬೇಕಾಗಿ ಬಂದರೆ ಕೊಲ್ಲಿಯ ಉದ್ದಕ್ಕೆ ಇಳಿಯಬೇಡಿ, ಅಡ್ಡಕ್ಕೆ ಸರಿದು ಎತ್ತರದ ಗಟ್ಟಿ ನೆಲಕ್ಕೆ ಹೋಗಿ.

ಹಿರಿಯರು ಹೊರಡಲು ಒಪ್ಪದ ಮನೆಗಳಿವೆ. ‘ಐನ್‌ಮನೆಯ ನೆಲ್ಲಕ್ಕಿಯಲ್ಲಿ (ಕುಲದ ಮೂಲಮನೆಯ ನಡುಮನೆಯಲ್ಲಿ) ದೀಪ ತಪ್ಪಿಸಿ ಹೇಗೆ ಬರಲಿ? ಗುರುಕಾರಣರನ್ನು ಬಿಟ್ಟು ಹೇಗೆ ಬರಲಿ?’ ಇದು ಹಟ ಅಲ್ಲ, ನಿಷ್ಠೆ. ಅದಕ್ಕೆ ನಿಷ್ಠೆಯ ಭಾಷೆಯಲ್ಲೇ ಉತ್ತರ ಕೊಡಬೇಕು. ಮಳೆಗಾಲಕ್ಕೆ ಮೊದಲೇ ಮನೆಮಂದಿ ಎಲ್ಲ ಸೇರಿ ದೀಪದ ಮುಂದೆ ನಿಂತು, ಹೊರಡಬೇಕಾಗಿ ಬಂದರೆ ಎಲ್ಲಿರುತ್ತೇವೋ ಅಲ್ಲೇ ದೀಪ ಹಚ್ಚುತ್ತೇವೆ, ಅದನ್ನೇ ಸ್ವೀಕರಿಸಬೇಕು ಎಂದು ಅರಿಕೆ ಮಾಡಿಕೊಳ್ಳಿ. ಒಂದು ಸಣ್ಣ ದೀಪ, ಬತ್ತಿ, ಮುಚ್ಚಳ ಗಟ್ಟಿಯಿರುವ ಪುಟ್ಟ ಎಣ್ಣೆ ಸೀಸೆ, ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊರಡುವ ಚೀಲದಲ್ಲೇ ಇಟ್ಟುಬಿಡಿ. ಅದೇ ಚೀಲದಲ್ಲಿ ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿಗಳು, ಬಿ.ಪಿ., ಸಕ್ಕರೆಯ ಮಾತ್ರೆ ಒಂದು ವಾರಕ್ಕೆ ಆಗುವಷ್ಟು, ಟಾರ್ಚ್, ಒಂದು ಕಂಬಳಿ. ಹೀಗೆ ಮೊದಲೇ ಮಾತು ಕೊಟ್ಟುಕೊಂಡ ಮನೆಯಲ್ಲಿ ಅಜ್ಜಿಯನ್ನು ಎಬ್ಬಿಸುವುದು ಕಷ್ಟವಾಗುವುದಿಲ್ಲ. ಮತ್ತೆ ಒಂದು ಮಾತು: ಹೊರಟ ಮೇಲೆ ದೇವರ ಫೋಟೋಗಾಗಿ, ವಿಗ್ರಹಕ್ಕಾಗಿ ಯಾರೂ ಹಿಂತಿರುಗಬಾರದು. ಯಾರೂ ಅಂದರೆ ಯಾರೂ.

ಹರಕೆ

ಬಾಯಿಬಿಟ್ಟು ಕೇಳುವುದು ನಾಲ್ಕನೆಯ ಅಂಗ. ಕೇಳುವುದರಲ್ಲಿ ನಾಚಿಕೆ ಇಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ತರುವಾಗ ‘ಪೊಲಿ ಪೊಲಿ ದೇವಾ’ (ಹೆಚ್ಚಲಿ ದೇವರೇ) ಅಂತ ಗದ್ದೆ ತುಂಬ ಕೂಗಿ ಕೇಳುವ ಜನ ನಾವು. ಕೇಳುವುದು ವ್ಯಾಪಾರವಾದಾಗ ಮಾತ್ರ ಕೆಡುತ್ತದೆ.

ಭಯದ ರಾತ್ರಿಯಲ್ಲಿ ಹರಕೆಗಳು ಒಂದರ ಮೇಲೊಂದು ಬೀಳುತ್ತವೆ. ಇಗ್ಗುತಪ್ಪನಿಗೆ ಇಷ್ಟು, ಧರ್ಮಸ್ಥಳಕ್ಕೆ ಇಷ್ಟು, ಸುಬ್ರಹ್ಮಣ್ಯಕ್ಕೆ ಒಂದು ಸೇವೆ. ಮಳೆ ನಿಂತ ಮೇಲೆ ಯಾವುದನ್ನು ಎಲ್ಲಿಗೆ ಹೇಳಿಕೊಂಡೆ ಅನ್ನುವುದೇ ನೆನಪಿರುವುದಿಲ್ಲ. ವರ್ಷ ಕಳೆದು ಮನೆಯಲ್ಲಿ ಯಾರಿಗೋ ಜ್ವರ ಬಂದರೆ, ತೀರದ ಹರಕೆಯೇ ಕಾರಣ ಎಂಬ ಹೊಸ ಭಯ. ಕೃಪೆ ಮಾಡುವವನನ್ನು ನಾವೇ ಬಡ್ಡಿ ಲೆಕ್ಕ ಹಾಕುವ, ಸಾಲ ಕೊಟ್ಟವನ ಜಾಗದಲ್ಲಿ ಕೂರಿಸಿದ ಹಾಗಾಯಿತು. ಈ ಭಯವನ್ನೇ ಹಿಡಿದು ಸಾವಿರಗಟ್ಟಲೆ ಕೀಳುವವರೂ ಇದ್ದಾರೆ.

ಆದ್ದರಿಂದ ಒಂದು ಕಷ್ಟಕ್ಕೆ ಒಂದೇ ಹರಕೆ. ಮನೆಯ ಒಂದು ದಿನದ ಖರ್ಚಿಗೆ ಮೀರಬಾರದು. ಸಾಲ ಮಾಡಿ ತೀರಿಸುವ ಹರಕೆಯನ್ನು ಹೊರಲೇಬಾರದು. ಮುಡಿಪು ಕಟ್ಟುವುದು ಒಳ್ಳೆಯ ಪದ್ಧತಿ: ಒಂದು ನಾಣ್ಯ ತೊಳೆದು, ಅಂಗೈ ಅಗಲದ ಅರಿಸಿನ ಬಟ್ಟೆಯಲ್ಲಿ ಕಟ್ಟಿ, ಯಾವ ದೇವರಿಗೆ, ಯಾವ ದಿನ ಎಂದು ಚೀಟಿ ಬರೆದು ಜೊತೆಗೆ ಸೇರಿಸಿ. ಹೇಳಿಕೊಳ್ಳುವ ಮಾತು ಹೀಗಿರಲಿ: ‘ಇದು ನಿನ್ನದು. ಫಲ ಏನಾದರೂ ಆಗಲಿ, ತಂದು ಒಪ್ಪಿಸುತ್ತೇನೆ.’ ‘ಆದರೆ ಮಾತ್ರ’ ಎಂಬ ಷರತ್ತು ತೆಗೆದ ಕೂಡಲೇ ಹರಕೆ ಶರಣಾಗತಿಯಾಗುತ್ತದೆ. ಹಳೆಯ ಹರಕೆಗಳು ನೆನಪಿಲ್ಲದೆ ಕಾಡುತ್ತಿದ್ದರೆ, ಎಲ್ಲವನ್ನೂ ಸೇರಿಸಿ ಊರ ದೇವಸ್ಥಾನದಲ್ಲಿ ಒಂದು ತೆಂಗಿನಕಾಯಿ ಇಟ್ಟು ಕ್ಷಮೆ ಕೇಳಿ. ಅಲ್ಲಿಗೆ ಮುಗಿಯಿತು ಎಂದು ನಂಬಿ.

ಇದು ಶಿಕ್ಷೆಯೇ?

ಮೂರನೆಯ ಅಂಗವಾದ ವಿಶ್ವಾಸವನ್ನು ಒಳಗಿನಿಂದ ತಿನ್ನುವ ಪ್ರಶ್ನೆ ಇದು. 2018ರ ನಂತರ ಕಾವೇರಮ್ಮ ಮುನಿದಳು, ಪಾಪ ತುಂಬಿತು ಎಂಬ ಮಾತು ಎಷ್ಟು ಕಡೆ ಕೇಳಿಬಂತು! ಬರೆ ಕಡಿದದ್ದಕ್ಕೆ ಕುಸಿತ ಬಂತು ಅನ್ನುವುದು ಕಾರಣ ಹೇಳುವ ಮಾತು. ಆದರೆ ಕಡಿದವರೇ ಸತ್ತರೇ? ಅನೇಕ ಕಡೆ ಮೇಲೆ ಕಡಿದವರು ಯಾರೋ, ಕೆಳಗೆ ಮಣ್ಣಾದ ಮನೆ ಯಾರದೋ. ತಲಕಾವೇರಿಯಲ್ಲಿ ಮಣ್ಣಿನಡಿ ಹೋದದ್ದು ಆ ತಾಯಿಯನ್ನು ನಿತ್ಯ ಪೂಜಿಸುತ್ತಿದ್ದವರ ಮನೆ. ಅವರಿಗಿಂತ ಹೆಚ್ಚಿನ ಭಕ್ತಿ ನಮ್ಮದು, ಅದಕ್ಕೇ ನಾವು ಉಳಿದೆವು ಅಂತ ಯಾರಾದರೂ ಎದೆ ಮುಟ್ಟಿಕೊಂಡು ಹೇಳಬಲ್ಲರೇ?

ಅನಾಹುತ ಭಕ್ತಿಯ ಅಳತೆಗೋಲಲ್ಲ. ಉಳಿದದ್ದೂ ಅಳತೆಗೋಲಲ್ಲ. ಹಾಗಿದ್ದರೆ ‘ಕಾಪಾಡುತ್ತಾನೆ’ ಎಂಬ ಮಾತಿಗೆ ಅರ್ಥ ಏನು? ಗಜೇಂದ್ರನ ಸ್ತೋತ್ರದಲ್ಲೇ ಉತ್ತರ ಇದೆ. ಈ ಆನೆಯ ದೇಹದಲ್ಲಿ ಇನ್ನಷ್ಟು ದಿನ ಬದುಕಬೇಕು ಎಂಬ ಆಸೆ ನನಗಿಲ್ಲ, ಕಾಲದಿಂದಲೂ ನಾಶವಾಗದ ಅಜ್ಞಾನದ ಮುಸುಕಿನಿಂದ ಬಿಡುಗಡೆ ಬೇಕು ಅನ್ನುತ್ತಾನೆ ಅವನು. ಮೊಸಳೆಯ ಬಾಯಿಯಲ್ಲಿ ಕಾಲಿಟ್ಟುಕೊಂಡು ಕೇಳಿದ್ದು ಇದು. ಆಯುಸ್ಸು, ಮನೆ, ತೋಟ ಕೇಳಬಾರದು ಅಂತಲ್ಲ, ಕೇಳಿ. ಕೊಟ್ಟರೂ ಕೊಡದಿದ್ದರೂ ಅವನು ನಮ್ಮ ಕೈ ಬಿಡುವವನಲ್ಲ ಎಂಬುದು ಅದರ ಕೆಳಗಿನ ಬಂಡೆ. ವಿಶ್ವಾಸ ನಿಲ್ಲಬೇಕಾದದ್ದು ಅಲ್ಲಿ. ಗುಡ್ಡ ಜರಿಯುವುದಿಲ್ಲ ಎಂಬ ಭರವಸೆಯ ಮೇಲೆ ನಿಲ್ಲಿಸಿದರೆ, ಮೊದಲ ಬಿರುಕಿಗೇ ಅದೂ ಬೀಳುತ್ತದೆ.

ರಾತ್ರಿ ಒಪ್ಪಿಸುವ ಕ್ರಮ

ಒಪ್ಪಿಸುವುದು ಐದನೆಯ ಅಂಗ. ಇದನ್ನು ದಿನವೂ ಮಲಗುವಾಗ ಮಾಡಬೇಕು.

ನೆಲದ ಮೇಲೆ ಅಥವಾ ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕುಳಿತುಕೊಳ್ಳಿ. ಮೂಗಿನಲ್ಲಿ ಉಸಿರು ಎಳೆಯುವಾಗ ನಾಲ್ಕು ಎಣಿಸಿ, ಬಿಡುವಾಗ ಆರು. ಬಿಡುವ ಉಸಿರಿನಲ್ಲಿ ನಿಮ್ಮ ದೇವರ ಹೆಸರು. ಎಣಿಕೆ ಒಂದು ಸೆಕೆಂಡಿಗೆ ಒಂದರಂತೆ ನಡೆದರೆ ಒಂದು ಉಸಿರಿಗೆ ಹತ್ತು ಸೆಕೆಂಡು. ಒಂದು ಜಪಮಾಲೆ, ಅಂದರೆ 108, ಮುಗಿಯಲು 18 ನಿಮಿಷ. ಹೊಸಬರು 27ಕ್ಕೆ ನಿಲ್ಲಿಸಿ, ನಾಲ್ಕೂವರೆ ನಿಮಿಷ ಸಾಕು. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ, ಇದು ದೇಹದ ಧರ್ಮ. ಸಾಮಾನ್ಯವಾಗಿ ಆಗುವ ತಪ್ಪು, 108 ಮುಗಿಸುವ ಆತುರದಲ್ಲಿ ಉಸಿರನ್ನು ಚಿಕ್ಕದು ಮಾಡುವುದು; ಆಗ ಜಪ ಮುಗಿದರೂ ಎದೆಬಡಿತ ಏರಿಯೇ ಇರುತ್ತದೆ. ಉಸಿರು ಬಿಗಿಹಿಡಿಯುವುದೂ ಬೇಡ, ಉಬ್ಬಸ ಇರುವವರಂತೂ ಖಂಡಿತ ಬೇಡ.

ಆಮೇಲೆ ಮೂರೇ ಮಾತು, ಜೋರಾಗಿ. ಇವತ್ತು ಮಾಡಿದ್ದು ಇಷ್ಟು. ಮಾಡಲಾಗದ್ದು ಇಷ್ಟು. ಈ ರಾತ್ರಿಯ ಕಾವಲು ನಿನ್ನದು. ಮಲಗುವ ಮುಂಚೆ ದೀಪ ಶಾಂತ ಮಾಡಿ; ಗಾಳಿಯ ರಾತ್ರಿಯಲ್ಲಿ ಉರಿಯುವ ದೀಪ ಬಿಟ್ಟು ಮಲಗುವುದು ಅಪಾಯ. ಜೋರು ಮಳೆಯ ರಾತ್ರಿ ಮನೆಯವರು ಎರಡೆರಡು ಗಂಟೆ ಸರದಿಯಲ್ಲಿ ಎಚ್ಚರವಿರಿ. ಸರದಿ ಕಾಯುವುದಕ್ಕೂ ಒಪ್ಪಿಸುವುದಕ್ಕೂ ಜಗಳ ಇಲ್ಲ. ಸರದಿಯವರು ಹೊರಗಿನ ಸದ್ದು ಕೇಳಿಸಿಕೊಳ್ಳಲಿ, ಉಳಿದವರು ನಿದ್ದೆ ಮಾಡಲಿ. ವಾಟ್ಸಾಪಿನಲ್ಲಿ ಎಲ್ಲಿಯದೋ ಹಳೆಯ ಕುಸಿತದ ವಿಡಿಯೋ ನೋಡುತ್ತ ಎಲ್ಲರೂ ಎಚ್ಚರವಿರುವುದು ಕಾವಲಲ್ಲ. ಜಿಲ್ಲಾಡಳಿತದ ಎಚ್ಚರಿಕೆಯನ್ನು ಸಂಜೆ ಒಮ್ಮೆ, ಮಲಗುವ ಮೊದಲು ಒಮ್ಮೆ ನೋಡಿ.

ಕೃಪೆ ಯಾರ ಕೈಯಲ್ಲಿ ಬರುತ್ತದೆ?

ಇಂದ್ರದ್ಯುಮ್ನ ಆನೆಯಾಗಿ ಹುಟ್ಟಿದ್ದು ಏಕೆ ಗೊತ್ತೇ? ಮೌನದಲ್ಲಿ ಪೂಜೆಗೆ ಕುಳಿತಿದ್ದಾಗ ಅಗಸ್ತ್ಯರು ಶಿಷ್ಯರೊಡನೆ ಬಂದರು; ಅವನು ಎದ್ದು ಸತ್ಕರಿಸಲಿಲ್ಲ. ನಮ್ಮ ಕಾವೇರಿಯ ಕಥೆಯ ಅದೇ ಅಗಸ್ತ್ಯರು. ಅವರು ಶಾಪ ಕೊಟ್ಟರು. ಪೂಜೆಯ ಮಧ್ಯೆ ಬಾಗಿಲಿಗೆ ಬಂದವರನ್ನು ಕಾಣದೆ ಹೋದದ್ದೇ ಅವನ ತಪ್ಪು.

2018ರಲ್ಲಿ ಶಾಲೆ, ಸಮಾಜಗಳ ಭವನ, ದೇವಸ್ಥಾನ, ಚರ್ಚು, ಮದರಸಾಗಳ ಬಾಗಿಲು ತೆರೆದವು. ಯಾರ ದೇವರು ಯಾರು ಅಂತ ಕೇಳದೆ ಅನ್ನ ಬಡಿಸಿದರು. ಮನೆ ಕಳೆದುಕೊಂಡವರು ಬೇಡಿದ ಕೃಪೆ ಅನ್ನ, ಚಾಪೆ, ಒಣ ಬಟ್ಟೆಯ ರೂಪದಲ್ಲಿ ಬಂತು. ಹಾಗೆ ಕೊಡುವವರ ಸರದಿ ನಿಮ್ಮದಾದಾಗ, ಹಳೆ ಬಟ್ಟೆಯ ಮೂಟೆ ಒಯ್ಯಬೇಡಿ. ಹೊಸ ಒಳಬಟ್ಟೆ, ಚಪ್ಪಲಿ, ಹೆಣ್ಣುಮಕ್ಕಳಿಗೆ ಪ್ಯಾಡ್, ಟವೆಲ್, ಸೋಪು, ಮಕ್ಕಳಿಗೆ ಹಾಲಿನ ಪುಡಿ ಒಯ್ಯಿರಿ. ಒಯ್ಯುವ ಮುಂಚೆ ಫೋನ್ ಮಾಡಿ ಏನು ಕಡಿಮೆ ಇದೆ ಕೇಳಿ.

ಮಾತಿನಲ್ಲೂ ಎಚ್ಚರ. ‘ದೇವರು ಪರೀಕ್ಷೆ ಮಾಡುತ್ತಿದ್ದಾನೆ’, ‘ಜೀವ ಉಳಿಯಿತಲ್ಲ, ಅಷ್ಟು ಸಾಕು’ ಅನ್ನಬೇಡಿ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಈ ಎರಡೂ ಕಲ್ಲು. ಪಕ್ಕದಲ್ಲಿ ಕುಳಿತುಕೊಳ್ಳಿ. ‘ಅಕ್ಕಾ, ನಾನಿದ್ದೇನೆ, ಪರಿಹಾರದ ಅರ್ಜಿ ಬರೆಯಲು ನಾಳೆ ಬರುತ್ತೇನೆ’ ಅನ್ನಿ. ಮರುದಿನ ಹೋಗಿ. ಹೇಳಿ ಹೋಗದಿರುವುದು ಹೇಳದಿರುವುದಕ್ಕಿಂತ ಕೆಟ್ಟದ್ದು. ಕ್ಯಾಂಪು ಮುಚ್ಚಿ ಎಲ್ಲರೂ ಮರೆತ ಮೇಲೆ ಬರುವ ಮೊದಲ ಪುತ್ತರಿಗೆ ಅಂಥ ಮನೆಯವರನ್ನು ನಿಮ್ಮ ಗದ್ದೆಗೆ ಕರೆಯಿರಿ. ಅವರ ಗದ್ದೆ ಹೂಳಿನಡಿ ಇದ್ದರೂ ಕದಿರು ಅವರ ಮನೆ ಬಾಗಿಲಿಗೂ ಕಟ್ಟಲಿ.

ಸಭೆಯಿಂದ ಬಂದ ಒಂದು ಪ್ರಶ್ನೆ

‘ನಂಬಿಕೆಯೇ ಬರುತ್ತಿಲ್ಲ. ದೇವರ ಕೋಣೆಗೆ ಹೋದರೆ ಸಿಟ್ಟು ಬರುತ್ತದೆ. ಏನು ಮಾಡಲಿ?’ ಎಂದು ಒಬ್ಬ ತಾಯಿ ಕೇಳಿದ್ದಾರೆ.

ಅಮ್ಮ, ಆ ಸಿಟ್ಟನ್ನೇ ಅವನ ಮುಂದೆ ಹೇಳಿ. ಆರನೆಯ ಅಂಗ ಅದು. ನನ್ನಿಂದ ಆಗುತ್ತಿಲ್ಲ ಎಂಬುದರಲ್ಲಿ ನಂಬಲಾಗುತ್ತಿಲ್ಲ ಎಂಬುದೂ ಸೇರಿದೆ. ಸದ್ಯಕ್ಕೆ ಪ್ರಾರ್ಥನೆಯನ್ನು ಮನೆಯ ಬೇರೆಯವರು ಮಾಡಲಿ, ನೀವು ಹೊಸ್ತಿಲ ಬಳಿ ಕುಳಿತಿದ್ದರೆ ಸಾಕು. ಕುಳಿತುಕೊಳ್ಳಲೂ ಆಗದಿದ್ದರೆ ಅದೂ ದೋಷ ಅಲ್ಲ.

ಇನ್ನೊಂದನ್ನು ಎಲ್ಲರಿಗೂ ಹೇಳುತ್ತೇನೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಮಳೆಯ ಸದ್ದಿಗೇ ಮೈ ನಡುಗುವುದು, ಬದುಕಿ ಏನು ಪ್ರಯೋಜನ ಎಂಬ ಯೋಚನೆ, ಇವು ಎರಡು ವಾರ ದಾಟಿದರೆ ಡಾಕ್ಟರನ್ನು ಕಾಣಬೇಕು. ಕೊನೆಯದು ಒಂದೇ ದಿನ ಬಂದರೂ ಅದೇ ದಿನ ಯಾರಿಗಾದರೂ ಹೇಳಬೇಕು. ಮಾತ್ರೆ ತೆಗೆದುಕೊಂಡರೆ ದೇವರ ಮೇಲೆ ನಂಬಿಕೆ ಇಲ್ಲದ ಹಾಗೆ ಅಂತ ಯಾರಾದರೂ ಅಂದರೆ ಕೇಳಬೇಡಿ. ಈಗ ನುಂಗುತ್ತಿರುವ ಮಾತ್ರೆಯನ್ನು ಯಾರ ಮಾತಿಗೂ ನಿಲ್ಲಿಸಬೇಡಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಅಷ್ಟು ದೂರ ಬರಲಾಗದ ಮಳೆಯಲ್ಲಿ ಟೆಲಿ ಮಾನಸ್‌ಗೆ ಕರೆ ಮಾಡಿ, ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು 1077ರ ಜೊತೆ ಬರೆದು, ಹೊರಡುವ ಚೀಲದೊಳಗೂ ಒಂದು ಚೀಟಿ ಹಾಕಿಡಿ.